ಒಂಬತ್ತು ಕುರ್ಚಿಗಳ ಬಿಲ್ಲು

ನಮ್ಮ ಊರಿನಲ್ಲಿ ಸೀಲು ಬಿದ್ದ ಬಿಲ್ಲಿನಲ್ಲಿ ಏನು ಬರೆದಿದೆಯೋ ಅದು ಮರುದಿನ ಬೆಳಿಗ್ಗೆ ಒಂಬತ್ತರಿಂದ ಹಾಗೆಯೇ ಇರುತ್ತದೆ. ಬರೆಯದೆ ಬಿಟ್ಟದ್ದು ಇರುವುದಿಲ್ಲ. ಹೋಟೆಲಿನವರು ಎರಡು ಇಡ್ಲಿಗೆ ಮೂರು ಎಂದು ಬರೆದರೆ, ಮರುದಿನ ಒಂಬತ್ತಕ್ಕೆ ನೀವು ಬಸ್ಸಿನಲ್ಲಿರಿ, ಬಚ್ಚಲಿನಲ್ಲಿರಿ, ಅಂಗೈ ಮೇಲೆ ಒಂದು ಬಿಸಿ ಇಡ್ಲಿ ಬಂದು ಕೂರುತ್ತದೆ. ನನ್ನ ಸೋದರಮಾವನ ಶರ್ಟಿಗೆ ಮೂರು ತೋಳು ಬಂದದ್ದು ದರ್ಜಿಯ ಅವಸರದಿಂದ. ಮಾವ ಮೂರನೆಯ ತೋಳಿನಲ್ಲಿ ಛತ್ರಿ ಇಟ್ಟುಕೊಂಡು ಆ ವರ್ಷದ ಮಳೆಗಾಲ ಕಳೆದರು. ದೋಣಿಯ ಚೀಟಿಯನ್ನು ಹಿಂದಿನ ದಿನವೇ ಬರೆಸಿಕೊಳ್ಳುವುದು ನಮ್ಮಲ್ಲಿಯ ರೂಢಿ. ಅದರಲ್ಲಿ ವಾಪಸ್ಸು ಬರೆಸಲು ಮರೆತ ನಮ್ಮ ಪೋಸ್ಟ್‌ಮಾಸ್ತರರು ಹೊಳೆಯಾಚೆ ಬೀಗರ ಮನೆಯಲ್ಲಿ ಹದಿನೇಳು ದಿನ ಉಳಿದು, ಬೀಗರ ಜೊತೆ ಮಾತು ಬಿಟ್ಟು ಬಂದರು.

ಎಲ್ಲಕ್ಕಿಂತ ನಾವು ಹೆದರುವುದು 'ಇತರೆ' ಎಂಬ ಪದಕ್ಕೆ. ಹಿಂದೊಮ್ಮೆ ಹಾಲಿನ ಸೊಸೈಟಿಯ ಬಿಲ್ಲಿನಲ್ಲಿ ಯಾರೋ ಸೋಮಾರಿ 'ಇತರೆ, ಒಂದು' ಎಂದು ಬರೆದು ಸೀಲು ಒತ್ತಿದ್ದ. ಅದು ಸೊಸೈಟಿಯ ಹಿಂದಿನ ಕೋಣೆಯಲ್ಲಿ ಈಗಲೂ ಇದೆ. ಏನೆಂದು ಯಾರಿಗೂ ತಿಳಿದಿಲ್ಲ. ಸಾಯಂಕಾಲ ಒಂದು ಲೋಟ ಮಜ್ಜಿಗೆ ಬಾಗಿಲಲ್ಲಿಟ್ಟು ಬರುತ್ತಾರೆ. ಬೆಳಿಗ್ಗೆ ಲೋಟ ತೊಳೆದು ಬೋರಲು ಹಾಕಿರುತ್ತದೆ.

ಇಂಥ ಊರಿನಲ್ಲಿ ನನ್ನಂಥವಳು ಬಿಲ್ಲು ಬರೆಯುವ ಕೆಲಸಕ್ಕೆ ಸೇರಬಾರದಿತ್ತು. ಮನೆಯಿಂದ ಹೊರಡುವಾಗ ಗ್ಯಾಸು ಆರಿಸಿದೆನೇ ಎಂದು ಮೂರು ಸಲ ನೋಡುವವಳು ನಾನು. ಮೂರನೆಯ ಸಲ ನೋಡಿದೆನೇ ಎಂಬ ಅನುಮಾನಕ್ಕೆ ನಾಲ್ಕನೆಯ ಸಲ ಬೀಗ ತೆಗೆಯುತ್ತೇನೆ. ಆದರೆ ಬಿ.ಕಾಂ. ಮುಗಿಸಿ ಮನೆಯಲ್ಲಿದ್ದೆ, ಧರಣೇಂದ್ರ ಕರೆದರು, ಹೋದೆ. ಊರಿನ ಹನ್ನೊಂದು ಕಚೇರಿಗಳ ಕಂಪ್ಯೂಟರ್‌ಗಳನ್ನು ತಿಂಗಳ ಲೆಕ್ಕದಲ್ಲಿ ನೋಡಿಕೊಳ್ಳುವುದು ಅವರ ಕಂಪನಿಯ ಕೆಲಸ. ನೆಟ್‌ವರ್ಕು, ಪ್ರಿಂಟರು, ವೈರಸ್ಸು, ಪಾಸ್‌ವರ್ಡ್ ಮರೆತವರ ಗೋಳು, ಎಲ್ಲ ಅವರದು. ಒಬ್ಬ ಬಳಕೆದಾರರಿಗೆ ತಿಂಗಳಿಗೆ ಇಷ್ಟು ಎಂದು ಬಿಲ್ಲು ಬರೆಯುವುದು ನನ್ನದು.

ಧರಣೇಂದ್ರ ಕೈಗುಣದವರು. ಆದರೆ ಮಾಡಿದ ಕೆಲಸವನ್ನು ನನಗೆ ಹೇಳುವುದಿಲ್ಲ. ಕೇಳಿದರೆ, "ಎರಡು ನಿಮಿಷದ ಕೆಲಸ ಮೇಡಂ, ಇದನ್ನೆಲ್ಲ ಬರೀತಾರಾ?" ಎನ್ನುತ್ತಾರೆ. ಬರೆಯದಿದ್ದರೆ ಏನಾಗುತ್ತದೆಂದು ಊರಿನ ಎಳೆ ಮಕ್ಕಳಿಗೂ ಗೊತ್ತು. ಹಲ್ಲಿನ ಡಾಕ್ಟರ ಪ್ರಿಂಟರನ್ನು ಅವರು ಆರು ತಿಂಗಳಿಂದ ಬಿಟ್ಟಿಯಾಗಿ ರಿಪೇರಿ ಮಾಡುತ್ತಿದ್ದರು. ಪ್ರತಿ ಒಂದನೇ ತಾರೀಕು ಒಂಬತ್ತಕ್ಕೆ ಅದು ಮತ್ತೆ ಕೆಡುತ್ತಿತ್ತು. "ಆ ಪ್ರಿಂಟರಿಗೆ ಯಾರದೋ ದೃಷ್ಟಿ ತಾಗಿದೆ," ಎಂದು ಅದಕ್ಕೊಂದು ನಿಂಬೆಹಣ್ಣು ಕಟ್ಟಿಬಂದರೇ ಹೊರತು ನನ್ನ ಮಾತು ಕೇಳಲಿಲ್ಲ.

ಅದಕ್ಕೇ ನಾನು ತಪ್ಪುಗಳ ಪುಸ್ತಕವೊಂದನ್ನು ಇಟ್ಟುಕೊಂಡೆ. ನೂರು ಪುಟದ ನೋಟುಬುಕ್ಕು. ನನಗಿಂತ ಮೊದಲಿದ್ದವರು ಮಾಡಿದ, ಬೇರೆ ಕಡೆ ಆದ, ನಾನು ಮಾಡಬಹುದಾದ ತಪ್ಪುಗಳೆಲ್ಲ ಅದರಲ್ಲಿದ್ದವು. ಗ್ರಂಥಾಲಯಕ್ಕೆ ಒಂದೇ ಬಿಲ್ಲು ಎರಡು ಸಲ ಹೋಗಿ ಗ್ರಂಥಪಾಲಕರ ಮುಂದೆ ಎರಡು ಮೌಸು ಬಂದು, ಎಡಗೈಯದು ಅವರ ಮಾತನ್ನೇ ಕೇಳದೆ ಹೋದದ್ದು. ತಿಂಗಳ ಮಧ್ಯೆ ಸೇರಿದವರಿಗೆ ಅರ್ಧ ತಿಂಗಳೆಂದು ಬರೆದದ್ದರಿಂದ ಅವರ ಪರದೆ ಅರ್ಧ ಮಾತ್ರ ಬೆಳಗಿದ್ದು. ವಿಳಾಸ ತಪ್ಪಿ ಅಂಚೆ ಕಚೇರಿಯ ನಾಲ್ಕು ಮೇಜುಗಳು ಗುಮಾಸ್ತರ ಸಮೇತ ಹೆಣ್ಣುಮಕ್ಕಳ ಶಾಲೆಯ ಪ್ರಾರ್ಥನೆಯ ಅಂಗಳಕ್ಕೆ ಬಂದಿಳಿದದ್ದು. ಪುಸ್ತಕದ ಮೊದಲ ಪುಟದಲ್ಲೇ, ಕೆಂಪು ಶಾಯಿಯಲ್ಲಿ, ಹೀಗೆ ಬರೆದಿದ್ದೆ: ಹೋದ ತಿಂಗಳ ಬಿಲ್ಲನ್ನು ನೋಡಿಕೊಂಡು ಈ ತಿಂಗಳ ಬಿಲ್ಲು ಬರೆಯಬಾರದು.

ಆ ಸೋಮವಾರ, ತಿಂಗಳ ಕೊನೆಯ ದಿನ, ನಾನು ಮಾಡಿದ್ದು ಅದನ್ನೇ.

ಹನ್ನೊಂದು ಗಂಟೆಗೆ ರತ್ನಪ್ರಭಕ್ಕ ಲಗ್ನಪತ್ರಿಕೆ ಹಿಡಿದು ಬಂದಳು. ಹಗ್ಗದ ಕಾರ್ಖಾನೆಯ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತೆಯಾಗಿದ್ದು ಹಿಂದಿನ ವಾರವಷ್ಟೇ ಕೆಲಸ ಬಿಟ್ಟಿದ್ದಳು. ವಯಸ್ಸು ನಲವತ್ತಾರು. ಮದುವೆಯಾಗಲಿದ್ದದ್ದು ದೋಣಿ ನಡೆಸುವ ಚೆಲುವಯ್ಯನನ್ನು. ಇಪ್ಪತ್ತೆರಡು ವರ್ಷ ದಿನಕ್ಕೆರಡು ಸಲ ಅವನ ದೋಣಿಯಲ್ಲಿ ಹೊಳೆ ದಾಟಿದ್ದಳು. "ಅಷ್ಟು ವರ್ಷ ಎದುರುಬದುರು ಕೂತು, ಹೋದ ಸಂಕ್ರಾಂತಿಗೆ ಬಾಯಿ ಬಿಟ್ಟ ಪುಣ್ಯಾತ್ಮ. ಅದೂ ಏನು ಅಂದ ಗೊತ್ತಾ? ಈ ಕಡೆ ಕೂತ್ಕೊಳ್ಳಿ, ಆ ಕಡೆ ಬಿಸಿಲು ಬರುತ್ತೆ ಅಂತ," ಎಂದು ನಗುತ್ತ, ಕುಂಕುಮ ಹಚ್ಚಿದ ಪತ್ರಿಕೆಯನ್ನೂ ಒಂದು ರವೆಉಂಡೆಯನ್ನೂ ನನ್ನ ಮೇಜಿನ ಮೇಲಿಟ್ಟಳು. ಗುರುವಾರ, ಬೆಳಿಗ್ಗೆ ಹತ್ತು ನಲವತ್ತರ ಮುಹೂರ್ತ, ದೋಣಿಕಟ್ಟೆಯ ಚಪ್ಪರದಲ್ಲಿ. ನನಗೆ ಎಷ್ಟು ಖುಷಿಯಾಯಿತೆಂದರೆ, ಅವಳು ಹೋದ ಮೇಲೂ ನಗುತ್ತಲೇ ಇದ್ದೆ. ನಗುತ್ತಲೇ ಹೋದ ತಿಂಗಳ ಬಿಲ್ಲನ್ನು ತೆರೆದು, ತಾರೀಕು ಬದಲಿಸಿ, ಹಗ್ಗದ ಕಾರ್ಖಾನೆ, ಬಳಕೆದಾರರು ಒಂಬತ್ತು ಎಂದು ಅಚ್ಚು ತೆಗೆದು ಸೀಲು ಒತ್ತಿದೆ. ಫ್ಯಾನಿನ ಗಾಳಿಗೆ ಹಾರದಿರಲೆಂದು ಬಿಲ್ಲಿನ ಮೇಲೆ ಲಗ್ನಪತ್ರಿಕೆಯನ್ನೇ ಇಟ್ಟೆ. ಕೆಳಗಿನ ಕಾಗದದಲ್ಲಿ ನಾಲ್ಕನೆಯ ಹೆಸರು ಅವಳದೇ ಇತ್ತು.

ಮಂಗಳವಾರ ಒಂಬತ್ತು ಗಂಟೆ ನಾಲ್ಕು ನಿಮಿಷಕ್ಕೆ ಫೋನು ಬಂತು. "ವಸೂ, ನಾನೀಗ ಎಲ್ಲಿದೀನಿ ಹೇಳು ನೋಡೋಣ."

"ಮನೇಲಿ. ಇವತ್ತು ಅರಿಶಿನದ ಶಾಸ್ತ್ರ ಅಲ್ವಾ ಅಕ್ಕ?"

"ಹೌದಮ್ಮ. ಅರಿಶಿನ ಮುಖದ ಮೇಲೂ ಇದೆ, ಕೀಬೋರ್ಡ್ ಮೇಲೂ ಇದೆ."

ಚಪ್ಪಲಿ ಅದಲುಬದಲಾಗಿ ಹಾಕಿಕೊಂಡು ಕಾರ್ಖಾನೆಗೆ ಓಡಿದೆ. ರತ್ನಪ್ರಭಕ್ಕ ತನ್ನ ಹಳೆಯ ಕುರ್ಚಿಯಲ್ಲಿ ಕೂತಿದ್ದಳು. ಹಳೆಯ ಸೀರೆ, ಹಳದಿ ಮುಖ, ಕೈಯಲ್ಲಿ ವೀಳ್ಯದೆಲೆ. ಬಲಗೆನ್ನೆಗೆ ಅರಿಶಿನ ಹಚ್ಚಿ ಮುಗಿದಿತ್ತು, ಎಡಗೆನ್ನೆಗೆ ಇನ್ನೂ ಹಚ್ಚಿರಲಿಲ್ಲ. "ಎದ್ದು ಹೋಗಿ ನೋಡಿದೆ ಕಣೆ," ಎಂದಳು. "ಗೇಟು ದಾಟಿದ ಕೂಡಲೇ ಮತ್ತೆ ಕುರ್ಚೀಲೇ ಇರ್ತೀನಿ. ಮೂರು ಸಲ ಆಯ್ತು. ಮೂರನೇ ಸಲ ಕುರ್ಚಿ ಬೆಚ್ಚಗಿತ್ತು." ನಗಲು ಹೊರಟವಳು ನನ್ನ ಮುಖ ನೋಡಿ ನಿಲ್ಲಿಸಿದಳು. "ನಿಂದಾ ಇದು?"

"ನಂದೇ ಅಕ್ಕ. ಹೋದ ತಿಂಗಳದ್ದನ್ನು ನಕಲು ಮಾಡಿದೆ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ತಿಂಗಳು ಪೂರ್ತಿ ಒಂಬತ್ತರಿಂದ ಐದು," ಎಂದು ಬೆರಳಲ್ಲಿ ಎಣಿಸಿದಳು. "ಗುರುವಾರ ಹತ್ತು ನಲವತ್ತಕ್ಕೆ ತಾಳಿ ಯಾರಿಗೆ ಕಟ್ತಾನೆ ಅವನು, ದೋಣಿಗಾ?"

ಸರಿಪಡಿಸುವ ದಾರಿ ಒಂದಿತ್ತು. ಒಂದು ಕ್ರೆಡಿಟ್ ನೋಟು ಬರೆದು ತಪ್ಪು ಸಾಲನ್ನು ಹಿಂದಕ್ಕೆ ಪಡೆಯುವುದು. ಆದರೆ ಬಿಲ್ಲಿಗೆ ನಮ್ಮ ಸೀಲೊಂದೇ ಸಾಕಾದರೂ, ಹಿಂದಕ್ಕೆ ಪಡೆಯಲು ಇಬ್ಬರ ಸೀಲೂ ಬೇಕು. ನಾನು ಅಲ್ಲೇ ನಿಂತು ನೋಟು ಬರೆದು ಮ್ಯಾನೇಜರ್ ಪಟ್ಟಾಭಿರಾಮಯ್ಯನವರ ಮುಂದೆ ಹಿಡಿದೆ. ಅವರು ಕನ್ನಡಕ ಏರಿಸಿ ಓದಿದರು, ಇಳಿಸಿ ಓದಿದರು, ಆಮೇಲೆ ಬಹಳ ಪ್ರೀತಿಯಿಂದ ನನ್ನನ್ನು ನೋಡಿದರು.

"ಬಿಲ್ಲು ಸರಿಯಾಗೇ ಇದೆಯಲ್ಲಮ್ಮ."

"ಇಲ್ಲ ಸಾರ್. ಅಕ್ಕ ಕೆಲಸ ಬಿಟ್ಟಿದ್ದಾರೆ. ನೀವೇ ಹಾರ ಹಾಕಿ ಕಳಿಸಿದ್ರಿ."

"ಹಾರ ಹಾಕಿದ ಮೇಲೇ ಗೊತ್ತಾಗಿದ್ದು, ಸ್ಟಾಕಿನ ಫೈಲು ಎಲ್ಲಿದೆ ಅಂತ ಅವಳಿಗೊಬ್ಬಳಿಗೇ ಗೊತ್ತಿರೋದು. ವರ್ಷದ ಲೆಕ್ಕ ಮುಗಿಸಬೇಕು. ಸಂಬಳ ಇಲ್ಲದ ಗುಮಾಸ್ತೆ ಸಿಕ್ಕಿದಾಳೆ, ನಾನ್ಯಾಕೆ ಸೀಲು ಹಾಕಲಿ? ಮದುವೆ ಮುಂದಿನ ತಿಂಗಳು ಇಟ್ಕೊಳ್ಳಿ."

"ಮುಹೂರ್ತ ಇಲ್ಲಿಯೇ ಮಾಡಬಹುದಾ ಸಾರ್, ಈ ಕಚೇರೀಲಿ?"

"ಹಗ್ಗದ ಕಾರ್ಖಾನೇಲಿ ಹೋಮಕುಂಡ!" ಅವರು ನಿಜವಾಗಿಯೂ ಎದೆ ಹಿಡಿದುಕೊಂಡರು. "ಒಂದು ಬೀಡಿ ಸೇದೋರನ್ನೂ ನಾನು ಒಳಗೆ ಬಿಡಲ್ಲ."

"ಹಾಗಾದ್ರೆ ಗುರುವಾರ ಉಳಿದವರಿಗಾದ್ರೂ ರಜೆ ಕೊಡಿ, ಅವರು ಚಪ್ಪರದಲ್ಲಾದ್ರೂ ಇರಲಿ," ಎಂದಳು ರತ್ನಪ್ರಭಕ್ಕ ಹಿಂದಿನಿಂದ, ಸ್ವಲ್ಪ ವ್ಯಂಗ್ಯವಾಗಿ.

"ಎಲ್ಲರೂ ಊಟಕ್ಕೆ ಹೋದ್ರೆ ಹಗ್ಗದ ಲೆಕ್ಕ ಯಾರಮ್ಮ ಬರೀತಾರೆ?" ಎಂದರು ಅವರು. ಉಳಿದ ಏಳು ಜನ ಪರದೆಗಳ ಹಿಂದೆ ತಲೆ ತಗ್ಗಿಸಿದರು. ಅವರೆಲ್ಲ ಸೇರಿ ಹಣ ಹಾಕಿ ಅವಳಿಗೆಂದು ಹಿತ್ತಾಳೆಯ ಕೊಳಗವೊಂದನ್ನು ಕೊಂಡಿದ್ದರೆಂದೂ, ರಜೆ ಸಿಗದೆ ಅದನ್ನು ಬೀರುವಿನಲ್ಲೇ ಇಟ್ಟಿದ್ದರೆಂದೂ ನನಗೆ ಆಮೇಲೆ ತಿಳಿಯಿತು.

ಹೊರಡುವಾಗ ರತ್ನಪ್ರಭಕ್ಕ ನನ್ನ ಕೈ ಹಿಡಿದಳು. ಅವಳ ಬೆರಳಿನ ಅರಿಶಿನ ನನ್ನ ಮಣಿಕಟ್ಟಿಗೂ ಅಂಟಿತು. "ಮುಂದಿನ ತಿಂಗಳು ಅಂದ್ಯೋ, ಆಗಲ್ಲ ವಸು. ಅವನ ಮನಸ್ಸಲ್ಲ, ನಂದು ನಂಗೆ ಗೊತ್ತು. ನಲವತ್ತಾರಕ್ಕೆ ಇದೆಲ್ಲ ಬೇಕಾ ಅಂತ ದಿನಾ ಬೆಳಿಗ್ಗೆ ಒಂದು ಸಲ ಅನ್ನಿಸುತ್ತೆ. ಹೇಗೋ ಎಳ್ಕೊಂಡು ಬಂದಿದೀನಿ. ನನಗೆ ಧೈರ್ಯ ಇರೋದು ಗುರುವಾರದವರೆಗೆ ಮಾತ್ರ ಕಣೆ."

ಆ ಮಾತು ನನಗೆ ಚೆನ್ನಾಗಿ ಅರ್ಥವಾಯಿತು. ಧೈರ್ಯವನ್ನು ದಿನದ ಲೆಕ್ಕದಲ್ಲಿ ಖರ್ಚು ಮಾಡುವವಳು ನಾನೂ ಹೌದು.

ಬುಧವಾರ ಬೆಳಿಗ್ಗೆ ಧರಣೇಂದ್ರರಿಗೆ ಎಲ್ಲ ಹೇಳಿದೆ. ಬೈಸಿಕೊಳ್ಳಲು ಮಾತುಗಳನ್ನೂ ಸಿದ್ಧಮಾಡಿಕೊಂಡಿದ್ದೆ. ಅವರು ಪೆಚ್ಚಾಗಿ ತಮ್ಮ ಅಂಗೈಯನ್ನು ನೋಡಿಕೊಂಡರು. "ಆವಮ್ಮ ಹದಿನೈದು ದಿನದ ಹಿಂದೇನೆ ಫೋನ್ ಮಾಡಿದ್ರು ಮೇಡಂ, ನನ್ನ ಹೆಸರು ತೆಗೀರಿ ಅಂತ. ಅಂಗೈ ಮೇಲೆ ಬರ್ಕೊಂಡಿದ್ದೆ."

"ಆಮೇಲೆ?"

"ಆಮೇಲೆ ಊಟ ಮಾಡಿದೆ."

ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಅವರೂ ನಕ್ಕರು. ನಗು ನಿಂತಾಗ ನನ್ನ ಕಣ್ಣು ತಪ್ಪುಗಳ ಪುಸ್ತಕದ ಮೇಲೆ ಬಿತ್ತು. ಹನ್ನೆರಡನೆಯ ಪುಟ, ಅಂಚೆ ಕಚೇರಿಯ ಮೇಜುಗಳು, ಹೆಣ್ಣುಮಕ್ಕಳ ಶಾಲೆ. ನಾನು ನಿಧಾನವಾಗಿ, ಪ್ರತಿ ಪದವನ್ನೂ ಮುಟ್ಟಿ ನೋಡಿ ಹೇಳಿದೆ: "ಅಕ್ಕನನ್ನು ಕುರ್ಚಿಯಿಂದ ಬಿಡಿಸೋಕೆ ಅವರ ಸೀಲು ಬೇಕು. ಆದರೆ ಕುರ್ಚಿಯನ್ನೇ ಬೇರೆ ಕಡೆ ಸಾಗಿಸೋಕೆ ನಮ್ಮ ಸೀಲು ಸಾಕು. ಸ್ಥಳಾಂತರದ ಬಿಲ್ಲು. ಮೇಜು, ಕುರ್ಚಿ, ಕಂಪ್ಯೂಟರು, ಬಳಕೆದಾರರ ಸಮೇತ. ಎಲ್ಲಿಗೆ? ದೋಣಿಕಟ್ಟೆಯ ಚಪ್ಪರಕ್ಕೆ."

ಧರಣೇಂದ್ರ ಕೂತಿದ್ದವರು ಎದ್ದು ನಿಂತರು. ಮತ್ತೆ ಕೂತರು. "ಎರಡು ನಿಮಿಷದ ಕೆಲಸ," ಎಂದರು ಮೆಲ್ಲಗೆ, ದೇವರ ಹೆಸರು ಹೇಳುವಂತೆ.

"ಎರಡು ನಿಮಿಷದ್ದಲ್ಲ. ಒಂದು ಮೇಜಿಗೆ ಮೂರು ಗಂಟೆ ಶ್ರಮ ಅಂತ ಬರೀಬೇಕು. ನಿಜವಾದ ಲೆಕ್ಕವೇ ಆಗಬೇಕು."

"ಹಾಗಾದ್ರೆ ನನ್ನ ಹೆಸರು ಹಾಕಿ." ಕೆಲಸ ಮಾಡಿದವರು ಎಂಬ ಜಾಗದಲ್ಲಿ ಯಾರ ಹೆಸರಿದೆಯೋ ಮರುದಿನ ಅವರ ಮೈಕೈ ಅಷ್ಟೇ ನೋಯುತ್ತದೆ. ಅದಕ್ಕೇ ನಮ್ಮೂರಿನಲ್ಲಿ ಸುಳ್ಳು ಬಿಲ್ಲು ಬರೆಯುವವರು ಕಡಿಮೆ. ನಾನು ಒಪ್ಪಲಿಲ್ಲ. ತಪ್ಪು ನನ್ನದು, ವಸುಮತಿ ಎಂದೇ ಬರೆದೆ.

ಉಳಿದದ್ದು ಒಂದೇ ಕಾಲಂ, ಎಷ್ಟು ಮೇಜು ಎಂಬುದು. ನಾನು ಪೆನ್ನು ಎತ್ತಿ ಹಿಡಿದು ಬಹಳ ಹೊತ್ತು ಕೂತೆ. ಒಂದು ಎಂದು ಬರೆದರೆ ಅಕ್ಕನ ಮದುವೆಯಾಗುತ್ತದೆ. ಶುಕ್ರವಾರದಿಂದ ಮತ್ತೆ ಒಂಬತ್ತರಿಂದ ಐದು, ಹೊಳೆಯ ದಡದಲ್ಲಿ ಸ್ಟಾಕಿನ ಫೈಲು. ಪಟ್ಟಾಭಿರಾಮಯ್ಯನವರು ಕಾರ್ಖಾನೆಯಿಂದಲೇ ಕೆಲಸ ಹೇಳಿಕಳಿಸುತ್ತಾರೆ, ತಿಂಗಳು ಪೂರ್ತಿ. ತಲೆ ತಗ್ಗಿಸಿದ ಆ ಏಳು ಜನ ನೆನಪಾದರು. ನಾನು ಒಂಬತ್ತು ಎಂದು ಬರೆದೆ. ಮೂರು ಸಲ ಎಣಿಸಿದೆ, ಅಕ್ಕ, ಏಳು ಜನ, ಮ್ಯಾನೇಜರು. ಒಂಬತ್ತೇ. ನಾಲ್ಕನೆಯ ಸಲ ಎಣಿಸದೆ ಸೀಲು ಒತ್ತಿಬಿಟ್ಟೆ. ಅದನ್ನು ನೋಡಿ ನನಗೇ ಭಯವಾಯಿತು.

ಗುರುವಾರ ಎದ್ದಾಗ ಇಪ್ಪತ್ತೇಳು ಗಂಟೆಯ ನೋವು ನನ್ನ ಭುಜಗಳಲ್ಲಿ ಕೂತಿತ್ತು. ತಲೆ ಬಾಚಿಕೊಳ್ಳಲೂ ಕೈ ಮೇಲಕ್ಕೆ ಹೋಗಲಿಲ್ಲ. ಗ್ಯಾಸು ಆರಿಸಿದೆನೇ ಎಂದು ಒಂದೇ ಸಲ ನೋಡಿ, ಹೊರಟುಬಿಟ್ಟೆ. ದೋಣಿಕಟ್ಟೆಯಲ್ಲಿ ಚಪ್ಪರ ಹಸಿ ಮಾವಿನೆಲೆಯಿಂದ ತುಂಬಿತ್ತು. ವಾದ್ಯದವರು ಬಾಯಿ ಒರೆಸಿಕೊಳ್ಳುತ್ತಿದ್ದರು. ಚೆಲುವಯ್ಯ ಜರಿಪಂಚೆ ಉಟ್ಟು, ಮೈಗೆ ಒಗ್ಗದ ಹೊಸ ಶರ್ಟಿನಲ್ಲಿ, ಹೊಳೆಯನ್ನೇ ನೋಡುತ್ತ ನಿಂತಿದ್ದ. ಅವನ ಅಕ್ಕ ಸಿದ್ದಮ್ಮ, "ಹೆಣ್ಣೆಲ್ಲಿ, ಹೆಣ್ಣೆಲ್ಲಿ?" ಎಂದು ನನ್ನನ್ನು ಹಿಡಿದು ಅಲುಗಾಡಿಸಿದಳು. ನಾನು ನೋವಿಗೆ ಚೀರಿದೆ. ಆಗ ಒಂಬತ್ತು ಹೊಡೆಯಿತು.

ಸದ್ದೇನೂ ಆಗಲಿಲ್ಲ. ಮೊದಲು ಇರಲಿಲ್ಲ, ಆಮೇಲೆ ಇತ್ತು, ಅಷ್ಟೇ. ಚಪ್ಪರದ ಕೆಳಗೆ ಒಂಬತ್ತು ಮೇಜು, ಒಂಬತ್ತು ಕುರ್ಚಿ, ಒಂಬತ್ತು ಬೆಳಗುವ ಪರದೆ. ಮಧ್ಯದ ಕುರ್ಚಿಯಲ್ಲಿ ಮೈಸೂರು ರೇಷ್ಮೆಯುಟ್ಟು, ಬಾಸಿಂಗ ಕಟ್ಟಿಕೊಂಡು, ಮೊಣಕೈಯನ್ನು ಕೀಬೋರ್ಡಿನ ಮೇಲೂರಿ ರತ್ನಪ್ರಭಕ್ಕ. ಅವಳ ಸುತ್ತ ಏಳು ಗುಮಾಸ್ತರು ಬಾಯಿ ತೆರೆದುಕೊಂಡು. ಹೊಳೆಗೆ ತೀರ ಹತ್ತಿರದ ಮೇಜಿನಲ್ಲಿ, ಟೆಲಿಫೋನ್ ಕಿವಿಗಿಟ್ಟುಕೊಂಡ ಪಟ್ಟಾಭಿರಾಮಯ್ಯನವರು. "ಹಲೋ, ಹಲೋ," ಎನ್ನುತ್ತಿದ್ದರು. ತಂತಿಯ ತುದಿ ನೀರಿನಲ್ಲಿ ತೇಲುತ್ತಿತ್ತು. ವಿದ್ಯುತ್ತಿಲ್ಲದೆ ಒಂಬತ್ತು ಯುಪಿಎಸ್‌ಗಳು ಒಟ್ಟಿಗೆ ಕೂಗತೊಡಗಿದವು. ಓಲಗದ ಹಿರಿಯರು ಒಂದು ಕ್ಷಣ ಆಲಿಸಿ, "ಶ್ರುತಿ ಸರಿಯಾಗಿದೆ," ಎಂದು ಅದಕ್ಕೇ ಸೇರಿಸಿ ನುಡಿಸಲು ಶುರುಮಾಡಿದರು.

ಮ್ಯಾನೇಜರು ಎದ್ದು ಬಿರಬಿರನೆ ಹೊರಟರು. ಹದಿನಾಲ್ಕು ಅಡಿ ಹೋದರು, ಚಪ್ಪರದ ಅಂಚು ದಾಟಿದ ಕೂಡಲೇ ಮತ್ತೆ ಕುರ್ಚಿಯಲ್ಲಿದ್ದರು. ಇನ್ನೊಂದು ದಿಕ್ಕಿಗೆ ಹೊರಟರು, ಮತ್ತೆ ಕುರ್ಚಿ. "ಏನಮ್ಮ ಇದು ಅನ್ಯಾಯ!" ಎಂದು ನನ್ನತ್ತ ಕೂಗಿದರು.

"ತಪ್ಪಾಗಿದೆ ಸಾರ್," ಎಂದೆ ನಾನು. "ಎಷ್ಟು ಮೇಜು ಅನ್ನೋ ಕಡೆ ತಪ್ಪಾಗಿದೆ."

"ಮೂರನೇ ಸಲಕ್ಕೆ ಕುರ್ಚಿ ಬೆಚ್ಚಗಾಗುತ್ತೆ, ಕೂತ್ಕೊಳ್ಳಿ ಸಾರ್," ಎಂದಳು ರತ್ನಪ್ರಭಕ್ಕ ಬಾಸಿಂಗದೊಳಗಿಂದ. ಏಳು ಗುಮಾಸ್ತರಲ್ಲಿ ಒಬ್ಬರು ಫಕ್ಕನೆ ನಕ್ಕರು, ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. ಬೀರು ಬಂದಿರಲಿಲ್ಲ, ಕೊಳಗ ಬಂದಿತ್ತು. ಯಾರೋ ಒಬ್ಬ ಮುಂದಾಲೋಚನೆಯಿಂದ ಎಂಟೂವರೆಗೇ ಅದನ್ನು ತನ್ನ ಮೇಜಿನ ಮೇಲಿಟ್ಟುಕೊಂಡಿದ್ದನಂತೆ. ಹಿಂದಿನ ದಿನ ಧರಣೇಂದ್ರ ಎಲ್ಲಿ ಬಾಯಿಬಿಟ್ಟಿದ್ದರೋ ನಾನು ಕೇಳಲಿಲ್ಲ.

ಹತ್ತು ನಲವತ್ತಕ್ಕೆ ಚೆಲುವಯ್ಯ ತಾಳಿ ಹಿಡಿದು ಕುರ್ಚಿಯ ಹಿಂದೆ ಬಂದು ನಿಂತ. ಅದು ಚಕ್ರದ ಕುರ್ಚಿ. ಗಂಟು ಹಾಕುವಾಗ ಅದು ಮೆಲ್ಲನೆ ಹೊಳೆಯ ಕಡೆ ಜಾರತೊಡಗಿತು. ಅವನು ದೋಣಿಯನ್ನು ತಡೆಯುವ ಹಾಗೆ ಒಂದು ಪಾದವನ್ನು ಅಡ್ಡವಿಟ್ಟು, ಬಿಡದೆ, ಮೂರೂ ಗಂಟು ಹಾಕಿದ. "ಈ ಕಡೆ ಕೂತ್ಕೊಳ್ಳಿ," ಎಂದ ಅವಳ ಕಿವಿಯಲ್ಲಿ, ಎಲ್ಲರಿಗೂ ಕೇಳಿಸುವಷ್ಟು ಜೋರಾಗಿ, "ಆ ಕಡೆ ಬಿಸಿಲು ಬರುತ್ತೆ." ನನಗೆ ಅಕ್ಷತೆ ಹಾಕಲು ಕೈ ಏಳಲಿಲ್ಲ. ಧರಣೇಂದ್ರ ನನ್ನ ಮೊಣಕೈಯನ್ನು ಕೆಳಗಿನಿಂದ ಹಿಡಿದು ಎತ್ತಿದರು. ಅಕ್ಕಿ ಹಾರಿತು. ಸಪ್ತಪದಿಗೆ ಮಾತ್ರ ಎಲ್ಲರೂ ಉಸಿರು ಹಿಡಿದೆವು. ಹದಿನಾಲ್ಕು ಅಡಿಯಲ್ಲಿ ಏಳು ಹೆಜ್ಜೆ. ಏಳನೆಯದು ಚಿಕ್ಕದಾಗಿ, ಮಗುವಿನ ಹೆಜ್ಜೆಯಂತೆ ಬಿತ್ತು. ಅವಳು ಕುರ್ಚಿಗೆ ಮರಳಲಿಲ್ಲ. ಅಲ್ಲೇ ನಿಂತಿದ್ದಳು.

ಊಟದ ಹೊತ್ತಿಗೆ ಪಟ್ಟಾಭಿರಾಮಯ್ಯನವರ ಮುಂದೆ, ಫೈಲುಗಳನ್ನು ಸರಿಸಿ, ಸಿದ್ದಮ್ಮ ಬಾಳೆಯೆಲೆ ಹಾಸಿದಳು. ಎರಡನೆಯ ಸಲ ಪಾಯಸ ಹಾಕಿಸಿಕೊಂಡ ಮೇಲೆ ಅವರ ದನಿ ಇಳಿಯಿತು. "ನಾಳೇನೂ ಇಲ್ಲೇನಾ?"

"ತಿಂಗಳು ಪೂರ್ತಿ ಸಾರ್. ವಾಪಸ್ಸು ಸಾಗಿಸೋಕೆ ಇನ್ನೊಂದು ಬಿಲ್ಲು ಬರೀಬೇಕು. ಬರೀತೀನಿ. ಅದಕ್ಕೆ ಮುಂಚೆ ಈ ಕ್ರೆಡಿಟ್ ನೋಟು ಸ್ವಲ್ಪ ನೋಡಿ."

"ಸೀಲು ಆಫೀಸಿನಲ್ಲಿದೆಯಲ್ಲ," ಎಂದು ಅವರು ಗೆದ್ದವರಂತೆ ಹೇಳಿದರು.

"ಆಫೀಸು ಇಲ್ಲಿದೆಯಲ್ಲ ಸಾರ್," ಎಂದಳು ರತ್ನಪ್ರಭಕ್ಕ. ಬಂದು, ಅವರ ಮೇಜಿನ ಎರಡನೆಯ ಡ್ರಾಯರು ಎಳೆದು, ಸೀಲನ್ನು ತೆಗೆದು ಎಲೆಯ ಪಕ್ಕದಲ್ಲಿಟ್ಟಳು. ಹಾಗೆಯೇ ಕೆಳಗಿನ ಡ್ರಾಯರಿನಿಂದ ಸ್ಟಾಕಿನ ಫೈಲನ್ನೂ ತೆಗೆದು ಅವರ ತೊಡೆಯ ಮೇಲಿಟ್ಟಳು. "ಇಪ್ಪತ್ತೆರಡು ವರ್ಷದಿಂದ ಇಲ್ಲೇ ಇದೆ." ಅವರು ಅವಳನ್ನು ನೋಡಿದರು, ಫೈಲನ್ನು ನೋಡಿದರು, ಸೀಲು ಒತ್ತಿದರು. ಪಾಯಸದ ಒಂದು ಹನಿ ಸೀಲಿನ ಜೊತೆ ಅಂಟಿತು. ಅದು ಈಗಲೂ ನಮ್ಮ ಕಡತದಲ್ಲಿದೆ, ಇರುವೆ ಬರುತ್ತದೆ.

ವಾಪಸ್ಸಿನ ಬಿಲ್ಲನ್ನು ನಾನು ಅಲ್ಲಿಯೇ ಕೂತು ಬರೆದೆ. ಈ ಸಲ ಕೆಲಸ ಮಾಡಿದವರ ಜಾಗದಲ್ಲಿ ಏಳು ಗುಮಾಸ್ತರೂ ಧರಣೇಂದ್ರರೂ ತಮ್ಮ ಹೆಸರು ಹಾಕಿಸಿಕೊಂಡರು, ತಲಾ ಮೂರು ಗಂಟೆ. ಎಷ್ಟು ಮೇಜು ಎಂಬ ಕಡೆ ಎಂಟು ಎಂದು ಬರೆದು ಗಟ್ಟಿಯಾಗಿ ಓದಿದೆ. ಬಳಕೆದಾರರು ಎಂಟೇ ಅಲ್ಲವೇ? ಎಲ್ಲರೂ ಹೌದೆಂದರು. ಹಾಗಾಗಿ ಶುಕ್ರವಾರ ಒಂಬತ್ತಕ್ಕೆ ಎಂಟು ಮೇಜುಗಳು ಕಾರ್ಖಾನೆಗೆ ಮರಳಿದವು. ಒಂಬತ್ತನೆಯದನ್ನು ಯಾರೂ ಬರೆದಿರಲಿಲ್ಲ. ಅದು ಅಲ್ಲೇ ಉಳಿಯಿತು. ಅದೂ ಒಂದು ತಪ್ಪು ಎಂದು ನಾನು ಪಟ್ಟಾಭಿರಾಮಯ್ಯನವರಿಗೆ ಹೇಳಿದ್ದೇನೆ. ಪುಸ್ತಕದಲ್ಲಿ ಮಾತ್ರ ಬರೆದಿಲ್ಲ.

ಈಗ ದೋಣಿಕಟ್ಟೆಯಲ್ಲಿ ಆ ಚಕ್ರದ ಕುರ್ಚಿಯಲ್ಲಿ ಕೂತು ಚೀಟಿ ಬರೆಯುವುದು ರತ್ನಪ್ರಭಕ್ಕನೇ. ಮನಸ್ಸು ಬಂದಾಗ ಬರುತ್ತಾಳೆ, ಬೇಸರವಾದರೆ ಎದ್ದು ದೋಣಿ ಹತ್ತುತ್ತಾಳೆ. ಹಲ್ಲಿನ ಡಾಕ್ಟರ ಪ್ರಿಂಟರಿನ ರಿಪೇರಿಯನ್ನು ನಾನು ಧರಣೇಂದ್ರರಿಗೆ ಹೇಳದೆ ಬಿಲ್ಲಿಗೆ ಸೇರಿಸಿದ್ದರಿಂದ ಅದು ಸುಮ್ಮನಾಗಿದೆ. ನಿಂಬೆಹಣ್ಣಿನಿಂದಲೇ ವಾಸಿಯಾಯಿತೆಂದು ಅವರು ನಂಬಿದ್ದಾರೆ. ಮೊನ್ನೆ ನಾನು ಆಚೆ ದಡಕ್ಕೆ ಹೋಗಬೇಕಿತ್ತು. ಹಿಂದಿನ ದಿನವೇ ಚೀಟಿ ಬರೆಸಲು ಹೋದೆ. ಅಕ್ಕ ಬರೆದು, ಸೀಲು ಒತ್ತಿ, ಮಡಿಸಿ ಕೊಟ್ಟಳು.

"ಅಕ್ಕ, ವಾಪಸ್ಸು ಬರೆದೆ ಅಲ್ವಾ?"

"ಬರೆದೆ."

"ಒಂದೇ ಅಲ್ವಾ? ಎರಡು ಸಲ ವಾಪಸ್ಸು ಬಂದ್ರೆ ಕಷ್ಟ."

"ಎಣಿಸ್ಕೋ," ಎಂದು ಅವಳು ಕುರ್ಚಿಯಲ್ಲಿ ಒಂದು ಸುತ್ತು ತಿರುಗಿದಳು. ನಾನು ಚೀಟಿಯನ್ನು ಅರ್ಧ ಬಿಡಿಸಿದೆ. ಆಮೇಲೆ, ಏಕೋ, ಹಾಗೆಯೇ ಮಡಿಸಿ ಪರ್ಸಿನೊಳಗೆ ಇಟ್ಟುಕೊಂಡೆ.